ಬದುವಿನ ಮೇಲೆ ಹಾಕಿದ ಗುರುತು

ನಾನು ಒಂದು ಜಿಪಿಎಸ್ ಯಂತ್ರ. ಅಂಗೈಯಲ್ಲಿ ಹಿಡಿಯುವಷ್ಟು ನನ್ನ ಗಾತ್ರ. ಯಾವುದೋ ದೂರದೇಶದ ಕಾರ್ಖಾನೆಯಲ್ಲಿ ಹುಟ್ಟಿ, ಹಡಗೇರಿ ಬಂದು, ರಾಯಚೂರು ಸೀಮೆಯ ಕಾಲುವೆ ಕಚೇರಿಯೊಂದನ್ನು ಸೇರಿದೆ. ಆಕಾಶದ ಉಪಗ್ರಹಗಳ ಸಂಕೇತ ಕೇಳಿ, ನಿಂತ ನೆಲ ಯಾವುದೆಂದು ಹೇಳುವುದು ನನ್ನ ಕೆಲಸ. ಮೊದಲ ಸಾಹೇಬರು ನನ್ನನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ; ಕೆಟ್ಟರೆ ಯಾರು ಉತ್ತರ ಕೊಡುವವರು ಎಂಬ ಭಯ ಅವರಿಗೆ. ಅವರಿಗೆ ವರ್ಗವಾದ ಮೇಲೆ ನಾನು ದ್ರಾಕ್ಷಾಯಿಣಿಯ ಕೈಗೆ ಬಂದೆ.

ಕಾಲುವೆ ನೀರಿನಲ್ಲಿ ಯಾರು ಏನು ಬೆಳೆದಿದ್ದಾರೆಂದು ನಕ್ಷೆ ಮಾಡುವವಳು ಅವಳು. ಉಪಗ್ರಹ ತೆಗೆದ ಚಿತ್ರಗಳು ಅವಳ ಕಂಪ್ಯೂಟರಿಗೆ ಬರುತ್ತಿದ್ದವು. ಅವುಗಳಲ್ಲಿ ಜೋಳಕ್ಕೊಂದು ಬಣ್ಣ, ಹತ್ತಿಗೊಂದು, ನೀರು ನಿಂತ ಭತ್ತದ ಗದ್ದೆಗೆ ಕಡುನೀಲಿ. ಚಿತ್ರವನ್ನಷ್ಟೇ ನಂಬದೆ, ನನ್ನನ್ನು ಕೊರಳಿಗೆ ಹಾಕಿಕೊಂಡು ಹೊಲಕ್ಕೇ ಹೋಗಿ, ಬೆಳೆಯನ್ನು ಕಣ್ಣಾರೆ ಕಂಡು ಗುರುತು ಹಾಕುತ್ತಿದ್ದಳು.

ಒಂದು ಬೇಸಿಗೆ ಕಾಲುವೆಯ ಕೊನೆಯ ಊರುಗಳಿಗೆ ನೀರೇ ಮುಟ್ಟಲಿಲ್ಲ. ಅಲ್ಲಿನ ಕುಡಿಯುವ ನೀರಿನ ಕೆರೆಗಳ ತಳ ಬಿರಿದಿತ್ತು. ನೀರು ಎಲ್ಲಿ ಹೋಗುತ್ತಿದೆಯೆಂದು ದ್ರಾಕ್ಷಾಯಿಣಿ ಚಿತ್ರದಲ್ಲಿ ಹುಡುಕಿದಳು. ನಿಯಮದಂತೆ ಜೋಳವಿರಬೇಕಾದ ಕಡೆ ಭತ್ತದ ಕಡುನೀಲಿ ಮಚ್ಚೆಗಳು ಕಂಡವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವಳ ತವರಿನ ಹೊಲ.

ಗುರುತು ಹಾಕಲು ಅಲ್ಲಿಗೆ ಹೋದಾಗ ಅಣ್ಣ ಅಮರೇಗೌಡ ಬದುವಿನ ಮೇಲೆ ಎದುರಾದ. ಊಟಕ್ಕೆ ಕರೆದ, ಮಕ್ಕಳ ಸುದ್ದಿ ಕೇಳಿದ. ನೀರು ಕದಿಯಲು ಕಾಲುವೆಯ ಏರಿಯಡಿ ಪೈಪು ಹುಗಿದದ್ದನ್ನು ಮುಚ್ಚಿಡಲಿಲ್ಲ. ಎಲ್ಲರೂ ಹುಗಿದಿದ್ದಾರೆ, ತಾನೂ ಹುಗಿದೆ ಎಂದ. ಆಮೇಲೆ ದನಿ ತಗ್ಗಿಸಿದ.

“ತಂಗಿ, ಇದೊಂದು ಹೊಲ ಬಿಟ್ಟುಬಿಡವ್ವಾ. ನೀ ಹುಟ್ಟಿ ಬೆಳದ ಮನೀದು.”

“ಕೆಳಗಿನ ಊರಾಗ ಕುಡಿಯಾಕ ನೀರಿಲ್ಲ, ಅಣ್ಣಾ. ಅಲ್ಲೂ ಮನಿ ಮಕ್ಳು ಅದಾರ.”

ಅವಳ ಹೆಬ್ಬೆರಳು ನನ್ನ ಗುಂಡಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಕೊನೆಗೆ ಒತ್ತಿತು.

ಕಚೇರಿಯವರು ಪೈಪುಗಳನ್ನೆಲ್ಲ ಕಿತ್ತರು. ಅಣ್ಣನ ಭತ್ತ ತೆನೆ ಬಿಡುವ ಮೊದಲೇ ಒಣಗಿತು. ಆಮೇಲೊಂದು ದಿನ ಕೆಳಗಿನ ಊರಿಗೆ ಹೋದಾಗ ಕೆರೆಗೆ ನೀರು ಇಳಿಯುತ್ತಿತ್ತು. ಹೆಂಗಸರು ಕೊಡ ಬದಿಗಿಟ್ಟು ಸುಮ್ಮನೆ ನೋಡುತ್ತಿದ್ದರು. ದ್ರಾಕ್ಷಾಯಿಣಿಯೂ ಅವರ ಜೊತೆ ನಿಂತಳು. ತಾನು ಯಾರೆಂದು ಹೇಳಲಿಲ್ಲ.

ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವ ಹಬ್ಬ ಶ್ರಾವಣದ ನಾಗರ ಪಂಚಮಿ; ಅವಳನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ತಾನೇ ಹಬ್ಬದ ಸಿಹಿ ಉಂಡಿ ಕಟ್ಟಿ ತಂದು ಕಚೇರಿಯವರಿಗೆಲ್ಲ ಹಂಚಿದಳು. ಒಂದನ್ನೂ ಬಾಯಿಗೆ ಹಾಕಲಿಲ್ಲ.

ಮರುವರ್ಷ ಅದೇ ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಬಿಸಿಲಲ್ಲಿ ಅವಳು ಗುರುತು ಹಾಕುತ್ತಿದ್ದಾಗ ಅಮರೇಗೌಡ ಬಂದ. ಒಂದು ತಂಬಿಗೆ ನೀರನ್ನು ಬದುವಿನ ಮೇಲಿಟ್ಟು, ದೂರ ಹೋಗಿ, ಬೆನ್ನು ತಿರುಗಿಸಿ ಕೂತ. ಅವಳು ಕೂತು, ನಿಧಾನವಾಗಿ, ಎಲ್ಲವನ್ನೂ ಕುಡಿದಳು.

ಅದೇ ನನ್ನ ಕೊನೆಯ ಸಂಚಾರ. ಈಗ ಆ ಕೆಲಸವನ್ನು ಮೊಬೈಲುಗಳು ಮಾಡುತ್ತವೆ. ನಾನು ಕಬ್ಬಿಣದ ಕಪಾಟಿನಲ್ಲಿದ್ದೇನೆ. ಬ್ಯಾಟರಿ ಸೋರಿ ಒಳಗೆಲ್ಲ ಕಿಲುಬು. ಅಣ್ಣ ತಂಗಿ ಮತ್ತೆ ಮಾತಾಡಿದರೋ ಇಲ್ಲವೋ ನನಗೆ ತಿಳಿಯದು. ಇಷ್ಟು ಮಾತ್ರ ಬಲ್ಲೆ: ನಿಂತ ಜಾಗ ಯಾವುದೆಂದು ಹೇಳುವುದು ನನಗೆ ಸುಲಭವಿತ್ತು. ಆ ಜಾಗದಲ್ಲಿ ನಿಲ್ಲಬೇಕಾದವಳು ಅವಳು.