ಇಲ್ಲದ ನೊಣ

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಮೋಡ ಕವಿದಿತ್ತು, ಮಳೆ ಮಾತ್ರ ಮನಸ್ಸು ಮಾಡಿರಲಿಲ್ಲ. ಎಲೆಯೊಂದೂ ಅಲುಗದಂಥ ಸೆಕೆ. ಭಗವಂತ ಎಷ್ಟು ಕಾಲದಿಂದ ಬೆಳಗು ಮಾಡುತ್ತಿದ್ದಾನೆ, ಆದರೂ ನಿನ್ನೆಯದನ್ನೇ ತಂದಿಟ್ಟ ಎಂದು ಯಾರೂ ಅವನನ್ನು ದೂರಿದ್ದಿಲ್ಲ.

ಸ್ಟುಡಿಯೋದ ಒಳಗೆ ಹಿಮ ಬೀಳಬೇಕಿತ್ತು. ಇಬ್ಬರು ಏಣಿ ಹತ್ತಿ ಕಿಟಕಿಯ ಆಚೆ ಹತ್ತಿಯ ಚೂರು ಉದುರಿಸುತ್ತಿದ್ದರು. ಕಿಟಕಿಯ ಈಚೆ, ದಪ್ಪ ಉಣ್ಣೆಯ ಸ್ವೆಟರ್ ತೊಟ್ಟು, ಬೆವರುತ್ತ ಅಮ್ಮ ಕೂತಿದ್ದಳು.

ಹಿಂದಿ ಸಿನಿಮಾದ ಎಷ್ಟೋ ನಾಯಕರಿಗೆ ತಾಯಿಯಾಗಿ ಅತ್ತು ಅತ್ತು ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಅಕ್ಕ ಎನ್ನುತ್ತಿದ್ದವನು ನಿರ್ದೇಶಕ ಒಬ್ಬನೇ. ಅವನ ಮೊದಲ ಚಿತ್ರಕ್ಕೆ ಯಾರೂ ಬರಲೊಲ್ಲೆ ಎಂದಾಗ ಅವಳು ಬಂದಿದ್ದಳು. ಅವತ್ತು ಅವನು ಅವಳ ಕೈ ಹಿಡಿದು ಹೇಳಿದ್ದ: "ಅಕ್ಕ, ಒಂದು ಸೀನು ನಿಮಗೆ ಬಾಕಿ. ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ. ನಾನು ಬಾಯಿ ಹಾಕಲ್ಲ."

ಆಮೇಲೆ ಅವನ ಕೈಗೆ ಬಂದದ್ದೆಲ್ಲ ಯಾರೋ ಎಲ್ಲೋ ತೆಗೆದ ಚಿತ್ರಗಳ ರೀಮೇಕೇ. ಅಲ್ಲಿ ಓಡಿದ್ದು ಇಲ್ಲೂ ಓಡುತ್ತದೆ ಎಂಬುದು ನಿರ್ಮಾಪಕರ ನಂಬಿಕೆ. ಹಾಡು ಸೇರಿಸು, ಹೆಸರು ಬದಲಿಸು, ಉಳಿದದ್ದು ಹಾಗೇ ಇರಲಿ. ಬಾಕಿ ಬಾಕಿಯಾಗಿಯೇ ಉಳಿಯಿತು. ಈಗ ಅಮ್ಮನ ಮಂಡಿ ಸೋತಿತ್ತು. ಇದೇ ಕೊನೆಯ ಚಿತ್ರ ಎಂದುಬಿಟ್ಟಿದ್ದಳು. ಅದರಲ್ಲೂ ಅವಳ ಕೊನೆಯ ಸೀನು ಇವತ್ತಿನದು: ಮಗ ಸತ್ತ ಸುದ್ದಿ ತಾಯಿಗೆ ಬರುವುದು.

ಬಂದವಳೇ ಕೇಳಿದ್ದಳು: "ತಮ್ಮಾ, ಇವತ್ತಾದ್ರೂ ನನ್ನ ಬಾಕಿ ತೀರಿಸ್ತೀಯೋ?"

ಅವನು ತಲೆ ಕೆರೆದುಕೊಂಡ. "ಯಜಮಾನ್ರು ಬಂದು ಕೂತಿದಾರೆ ಅಕ್ಕ. ನೋಡೋಣ."

ಯಜಮಾನರೆಂದರೆ ನಿರ್ಮಾಪಕರು. ಅವರ ಪಕ್ಕದ ಪುಟ್ಟ ಟಿವಿಯಲ್ಲಿ ಪರದೇಶದ ಮೂಲ ಚಿತ್ರ ಓಡುತ್ತಿತ್ತು. ಅದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಕಾಯಲು ಒಬ್ಬ ಸಹಾಯಕ. ಎಲ್ಲರೂ ಅವನನ್ನು ಕಾರ್ಬನ್ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ.

ಸುದ್ದಿ ತರುವ ಪಾತ್ರದವನು ಬಾಗಿಲಲ್ಲಿ ನಿಂತು ತನ್ನ ಮಾತು ಹೇಳಿದ. ಅಮ್ಮ ಕಾಫಿ ಲೋಟ ಕೆಳಗಿಟ್ಟಳು. ಕಿಟಕಿಯತ್ತ ನೋಡಿದಳು. ಕಣ್ಣು ತುಂಬಿತು.

"ಅಮ್ಮಾ, ಕಿವಿ!" ಎಂದು ಕೂಗಿದ ಕಾರ್ಬನ್.

"ಏನಾಯ್ತೋ ನನ್ನ ಕಿವಿಗೆ?"

"ಲೋಟ ಇಟ್ಟ ಮೇಲೆ ಎಡಗೈಯನ್ನ ಕಿವಿ ಹತ್ರ ಹೀಗೆ ಆಡಿಸ್ಬೇಕು. ಟಿವೀಲಿ ಅವಳು ಆಡಿಸ್ತಾಳೆ."

"ಯಾಕೆ ಆಡಿಸ್ತಾಳೆ?"

ಕಾರ್ಬನ್ ಗಂಭೀರನಾದ. "ಮಗನ ದನಿ ಕೇಳಿಸ್ತಾ ಇದೆ. ಅದನ್ನ ತಳ್ತಾ ಇದಾಳೆ."

"ಆ ಕೈಗೇ ಪ್ರಶಸ್ತಿ ಬಂದಿರೋದು," ಎಂದರು ನಿರ್ಮಾಪಕರು, ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತ. "ಕೈ ಬೇಕೇ ಬೇಕು."

ಮತ್ತೆ ಮಾಡಿದಳು. ಕೈ ತಡವಾಯಿತು. ಮತ್ತೂ ಮಾಡಿದಳು. ಕೈ ಬಂತು, ಕಣ್ಣೀರು ಬರಲಿಲ್ಲ. ಕಾರಣವಿಲ್ಲದ ಕೈಯನ್ನು ಎತ್ತುವಷ್ಟರಲ್ಲಿ ಸತ್ತ ಮಗ ಮರೆತೇಹೋಗುತ್ತಿದ್ದ.

"ಎಲ್ಲಿ, ತೋರ್ಸು ನೋಡೋಣ," ಎಂದು ಅಮ್ಮ ಎದ್ದು ಟಿವಿಯ ಬಳಿ ಬಂದು ಕನ್ನಡಕ ಹಾಕಿಕೊಂಡಳು. "ಇನ್ನೊಂದ್ಸಲ. ಹಾಂ, ನಿಲ್ಸು. ಲೋಟದ ಅಂಚಲ್ಲಿ ಅದೇನು ಕರೀ ಚುಕ್ಕೆ?"

ಎಲ್ಲರ ತಲೆಗಳೂ ಬಗ್ಗಿದವು. ಚುಕ್ಕೆ ಅಂಚಿನ ಮೇಲೆ ನಡೆಯಿತು. ಹಾರಿತು. ಆ ಹೆಂಗಸಿನ ಕಿವಿಯ ಬಳಿ ಸುಳಿಯಿತು. ಕೈ ಮೇಲೆದ್ದಿತು.

"ನೊಣ," ಎಂದ ಕ್ಯಾಮೆರಾದವನು.

ಕಾರ್ಬನ್ ಇನ್ನೊಮ್ಮೆ ಹಿಂದಕ್ಕೆ ಓಡಿಸಿ ನೋಡಿದ.

"ಅಷ್ಟು ಹಿಮ ಬೀಳೋ ಕಡೆ ನೊಣ ಹೇಗೆ ಬರುತ್ತೆ?" ಎಂದ ಕಾರ್ಬನ್, ತನಗೆ ಯಾರೋ ಮೋಸ ಮಾಡಿದಂತೆ.

"ಅಲ್ಲೂ ಹತ್ತೀನೇ ಕಣಪ್ಪ," ಎಂದಳು ಅಮ್ಮ.

ಏಣಿಯ ಮೇಲಿದ್ದವರು ನಕ್ಕುಬಿಟ್ಟರು. ನಿರ್ಮಾಪಕರು ನಗಲಿಲ್ಲ. ಯೋಚಿಸಿ ಹೇಳಿದರು: "ಪರವಾಗಿಲ್ಲ, ಕೈ ಇರಲಿ. ನೊಣಾನ ಆಮೇಲೆ ಕಂಪ್ಯೂಟರಲ್ಲಿ ಹಾಕ್ಸೋಣ."

ಅಮ್ಮ ನಿರ್ದೇಶಕನ ಮುಖ ನೋಡಿದಳು. ಅವನು ನೆಲ ನೋಡಿದ.

ಅವಳು ಹೋಗಿ ಕೂತು, ಎಂದಿನಂತೆ ಕಣ್ಣು ಮುಚ್ಚಿ ತನ್ನ ದೇವರನ್ನು ನೆನೆದಳು. ಲೋಟ ಇಟ್ಟಳು, ಇಲ್ಲದ ನೊಣವನ್ನು ಓಡಿಸಿದಳು, ಅತ್ತಳು. ಕಾರ್ಬನ್ ಹೋಲಿಸಿ ನೋಡಿ ಹೆಬ್ಬೆರಳೆತ್ತಿದ. ನಿರ್ಮಾಪಕರು ಊಟಕ್ಕೆ ಹೊರಟರು.

ಅಮ್ಮ ಸ್ವೆಟರಿನ ಗುಂಡಿಗೆ ಕೈ ಹಾಕಿದಳು. ಆಯುಷ್ಯವೆಲ್ಲ ಯಾರ್ಯಾರದೋ ನೊಣ ಓಡಿಸಿದ್ದೇ ಆಯಿತು ಅನ್ನಿಸಿತು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು.

"ಅಕ್ಕ, ಬಿಚ್ಬೇಡಿ." ನಿರ್ದೇಶಕ ಟಿವಿ ಆಫ್ ಮಾಡಿದ. ಕ್ಯಾಮೆರಾದವನಿಗೆ ಮೆಲ್ಲಗೆ, "ಬೇರೆ ಮೆಮೊರಿ ಕಾರ್ಡ್ ಹಾಕು. ಲೈಟು ಹಾಗೇ ಇರಲಿ," ಎಂದ.

"ಸಾರ್, ಟಿವಿ ಆಫ್ ಆಗಿದೆ!" ಕಾರ್ಬನ್ ಗಾಬರಿಯಾದ. "ಏನು ನೋಡ್ಕೊಂಡು ಮಾಡೋದು?"

"ನೀನು ಊಟಕ್ಕೆ ಹೋಗಪ್ಪ."

ಬಾಗಿಲಲ್ಲಿ ನಿಂತವನು ಮತ್ತೆ ಸುದ್ದಿ ಹೇಳಿದ.

ಅಮ್ಮ ಈ ಸಲ ಲೋಟ ಕೆಳಗಿಡಲಿಲ್ಲ. ಉಳಿದಿದ್ದ ಕಾಫಿಯನ್ನು, ಯಾರೋ ಒಪ್ಪಿಸಿಹೋದ ಕೆಲಸವೆಂಬಂತೆ, ನಿಧಾನವಾಗಿ ಕುಡಿದು ಮುಗಿಸಿದಳು. ಲೋಟದ ತಳ ನೋಡಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಅಷ್ಟು ದೂರದಿಂದ ಬಂದಿದೀಯ. ಊಟ ಆಯ್ತೇನಪ್ಪ?"

ಅವನಿಗೆ ಬರೆದುಕೊಟ್ಟಿದ್ದ ಮಾತು ಮುಗಿದಿತ್ತು. "ಇಲ್ಲಮ್ಮ," ಎಂದ.

"ಕೂತ್ಕೊ. ಬಡಿಸ್ತೀನಿ." ಎದ್ದಳು. ಎದ್ದವಳಿಗೆ ಯಾವ ಕಡೆ ಹೋಗಬೇಕೆಂದು ತಿಳಿಯಲಿಲ್ಲ. ಖಾಲಿ ಲೋಟ ಹಿಡಿದು ನಿಂತೇ ಇದ್ದಳು.

ಏಣಿಯ ಮೇಲಿದ್ದವರು ಹತ್ತಿ ಉದುರಿಸುವುದನ್ನು ಮರೆತರು. ಕಟ್ ಎನ್ನುವುದನ್ನು ನಿರ್ದೇಶಕನೂ ಮರೆತಿದ್ದ.

ಕೊನೆಗೆ ಕ್ಯಾಮೆರಾದವನು ಕಣ್ಣೊರೆಸಿಕೊಂಡು ಕೇಳಿದ: "ಅಮ್ಮ, ಇದು ಯಾವ ಸಿನಿಮಾದ್ದು?"

"ನಮ್ಮತ್ತೇದು," ಎಂದಳು ಅಮ್ಮ. "ನಮ್ಮನೆಯವ್ರು ತೀರಿಕೊಂಡ ಸುದ್ದಿ ತಂದವನನ್ನ ಅತ್ತೆ ಹಿಂಗೇ ಕೇಳಿದ್ರು."

ಸ್ವೆಟರ್ ಬಿಚ್ಚಿ ಮಡಿಸಿಟ್ಟು ಅವಳು ನಿರ್ದೇಶಕನತ್ತ ತಿರುಗಿದಳು. "ಚಿತ್ರದಲ್ಲಿ ಇರುತ್ತೇನೋ ಇದು?"

"ಇಲ್ಲ ಅಕ್ಕ. ಯಜಮಾನ್ರು ಬಿಡಲ್ಲ."

"ಗೊತ್ತು ಬಿಡು."

ಅವನು ಕ್ಯಾಮೆರಾದ ಬಳಿ ಹೋಗಿ ಆ ಸೀನಿದ್ದ ಕಾರ್ಡ್ ತೆಗೆದ. ಹೆಬ್ಬೆರಳಿಗಿಂತ ಚೂರು ದೊಡ್ಡದು. ತಂದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ.