ಊಟದ ಹೊತ್ತಿಗೇ ಬರುವ ಸೋಲು

ನಮ್ಮವರಿಗೆ ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಭಾನುವಾರ ಸಂಜೆ ಸಲೂನಿನ ಮಹಡಿಯಲ್ಲಿ ಪೋಕರ್ ಇಸ್ಪೀಟು. ನನ್ನ ಕರಾರು ಒಂದೇ: ಟೂರ್ನಮೆಂಟ್ ಮಾತ್ರ. ಅದರಲ್ಲಿ ಎಲ್ಲರೂ ಒಂದೇ ಶುಲ್ಕ ಕಟ್ಟಿ, ಪಣಕ್ಕಿಡುವ ಬಿಲ್ಲೆಗಳನ್ನು, ಅಂದರೆ ಚಿಪ್ಸ್, ಸಮನಾಗಿ ಪಡೆದು ಕೂರುತ್ತಾರೆ. ಚಿಪ್ಸ್ ಮುಗಿದರೆ ಆಟ ಮುಗಿಯಿತು. ಕಿಟಕಿ ಪಕ್ಕದ ಕ್ಯಾಷ್ ಟೇಬಲ್ ಹಾಗಲ್ಲ. ಯಾವಾಗ ಬೇಕಾದರೂ ಕೂರಬಹುದು, ಏಳಬಹುದು, ಸೋತರೆ ಮತ್ತೆ ಜೇಬಿಗೆ ಕೈಹಾಕಬಹುದು. ತಳವಿಲ್ಲದ ಕೊಡ.

ಇತ್ತೀಚೆಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಮಗಳಿಗೆ ಉಣ್ಣಿಸಿ ಬಾಯಿ ಒರೆಸುವಷ್ಟರಲ್ಲಿ ಸರಿಯಾಗಿ ಬಾಗಿಲು ತೆರೆಯುತ್ತಿತ್ತು. "ಏನಾಯ್ತು?" ಅಂದರೆ "ಔಟ್." ಪ್ರತಿ ವಾರವೂ ಇದೇ. ಸೋಲು ಗಡಿಯಾರ ನೋಡಿಕೊಂಡು ಬರುತ್ತದೆಯೇ? ಒಂದು ವಾರ ಬೇಗ ಮುಳುಗಬೇಕು, ಇನ್ನೊಂದು ವಾರ ಕೊನೆತನಕ ಉಳಿಯಬೇಕು. ಬೇಕೆಂದಾಗ ಎದ್ದು ಬರಲಾಗುವುದು ಕ್ಯಾಷ್ ಟೇಬಲ್ಲಿನಿಂದ ಮಾತ್ರ.

ಕೇಳಿದರೆ ಬಾಯಿ ಬಿಡುವವರಲ್ಲ. ಮುಂದಿನ ಭಾನುವಾರ ಒಲೆ ಆರಿಸಿ, ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನೇ ಹೊರಟೆ.

ಮೆಟ್ಟಿಲಲ್ಲೇ ಸಲೂನಿನವನ ಗಂಟಲು ಕೇಳಿಸಿತು. "ಏಳು, ಎರಡು! ಇದಕ್ಕಿಂತ ದರಿದ್ರ ಎಲೆ ಉಂಟೇನ್ರೀ? ಇದನ್ನ ಹಿಡ್ಕೊಂಡು ಇದ್ದ ಚಿಪ್ಸೆಲ್ಲಾ ಪಣಕ್ಕೆ ತಳ್ಳಿಬಿಟ್ರಲ್ಲ! ವಾರ ವಾರ ಇದೇ ಕತೆ, ಗೆಲ್ಲೋದು ನಿಮ್ಮ ಮೈದುನ. ಹೊರಗೆ ಹೋಗಿ ಹಂಚ್ಕೋತೀರೇನು?"

ನಮ್ಮವರು ಟೂರ್ನಮೆಂಟಿನ ಮೇಜಿನಲ್ಲೇ ಇದ್ದರು, ತಲೆ ತಗ್ಗಿಸಿಕೊಂಡು. ಪಕ್ಕದಲ್ಲಿ ನನ್ನ ತಮ್ಮ.

"ಹಂಚ್ಕೊಳ್ಳೋದು ಏನೂ ಇಲ್ಲ ಮಾರಾಯ್ರೇ," ಅಂದ ತಮ್ಮ. "ಇಷ್ಟೊತ್ತಿಗೆ ಭಾವ ಕಣ್ಣುಮುಚ್ಚಿ ತಳ್ತಾರೆ ಅಂತ ಗೊತ್ತು. ನಾನು ಬಾಯಿ ತೆರ್ಕೊಂಡು ಕಾಯ್ತಿರ್ತೀನಿ, ಅಷ್ಟೇ."

"ಯಾಕೆ ತಳ್ತಾರೆ? ಅದನ್ನ ಹೇಳಿ! ಇಲ್ದಿದ್ರೆ ಮುಂದಿನ ವಾರದಿಂದ ಇಬ್ರೂ ಬರೋದೇ ಬೇಡ."

ಅಷ್ಟರಲ್ಲಿ ಮಗಳು ಕೈ ಚಾಚಿದಳು. "ಅಪ್ಪಾ, ನಿದ್ದೆ ಬರ್ತಿದೆ. ಎತ್ಕೋ."

ಅವರ ಕಿವಿ ಕೆಂಪಾಯಿತು. ಇವಳು ಅವರ ಹೆಗಲ ಮೇಲಲ್ಲದೆ ಮಲಗುವವಳಲ್ಲ. ಸಲೂನಿನವನು ಒಮ್ಮೆ ಮಗುವನ್ನು, ಒಮ್ಮೆ ಇವರನ್ನು ನೋಡಿದ. "ಥೂ ನಿಮ್ಮ! ಇದನ್ನ ಹೇಳೋಕೆ ನಾಚ್ಕೆನಾ? ಸುಮ್ನೆ ಎದ್ದು ಹೋಗೋದಲ್ವಾ?"

"ಎದ್ದು ಹೋದ್ರೂ ಸುತ್ತು ಸುತ್ತಿಗೆ ಕಟ್ಟಲೇಬೇಕಾದ ಪಣಕ್ಕೆ ನನ್ನ ಚಿಪ್ಸ್ ಇಲ್ಲೇ ಒಂದೊಂದಾಗಿ ಕರಗ್ತಿರ್ತವೆ," ಅಂದರು ನಮ್ಮವರು. "ಮಗೂನ ತಟ್ತಾ ನಾನು ಅದನ್ನೇ ಎಣಿಸ್ತಿರ್ತೀನಿ. ಪೂರ್ತಿ ಸೋತ್ರೇ ನೆಮ್ಮದಿ."

ಬೀದಿಗಿಳಿದ ಮೇಲೂ ನನ್ನ ಮುಳ್ಳು ಪೂರಾ ಹೊರಬಂದಿರಲಿಲ್ಲ. ಕೆಣಕಿದೆ: "ಕ್ಯಾಷ್ ಟೇಬಲ್ ಆಗಿದ್ರೆ ಬೇಕಾದಾಗ ಏಳಬಹುದಿತ್ತು."

"ಏಳಬಹುದು. ಏಳ್ತೀನಿ ಅನ್ನೋ ನಂಬಿಕೆ ನನಗಿಲ್ಲ," ಅಂದರು, ಮಗಳನ್ನು ಹೆಗಲಿಗೆ ಸರಿಪಡಿಸಿಕೊಳ್ಳುತ್ತ.

ತಮ್ಮನ್ನು ತಾವೇ ಅನುಮಾನಿಸುವವರನ್ನು ಇನ್ನೇನು ಕೇಳುವುದು?

"ಮುಂದಿನ ವಾರ ಕೊನೇತನಕ ಆಡಿ. ಇವಳನ್ನ ಹೇಗಾದ್ರೂ ನಾನೇ ಮಲಗಿಸ್ತೀನಿ."

"ತಡವಾದ್ರೆ ಅನುಮಾನ ಪಡಲ್ವಾ?"

"ಪಡ್ತೀನಿ," ಅಂದೆ. "ಪಟ್ಕೊಂಡೇ ಕಾಯ್ತೀನಿ. ನೀವು ಆಡಿ."