ಕೋರೆಹಲ್ಲಿನ ರೋಗಿ

ಮಧ್ಯಾಹ್ನ ರೋಗಿಗಳೆಲ್ಲ ಖಾಲಿಯಾದ ಮೇಲೆ ಮ್ಯೂಸಿಯಮ್ಮಿನ ಮೇಷ್ಟ್ರು ಸ್ಕ್ಯಾನ್ ಮಾಡಿಸಲೆಂದು ಸ್ಟ್ರೆಚರಿನ ಮೇಲೆ ಒಂದು ತಲೆಬುರುಡೆ ತಳ್ಳಿಕೊಂಡು ಆಸ್ಪತ್ರೆಗೆ ಬಂದರು. ಕಲ್ಲಾಗಿಹೋದ ಗೊರ್ಗೊನಾಪ್ಸಿಡ್. ಅತ್ತ ಹಲ್ಲಿಗಳ ಪಂಗಡಕ್ಕೂ ಸೇರದ, ಇತ್ತ ಮೊಲೆಯುಣಿಸುವ ನಮ್ಮ ಪಂಗಡಕ್ಕೂ ಪೂರ್ತಿ ಬಾರದ, ಡೈನೋಸಾರುಗಳಿಗಿಂತ ಹಿಂದಿನ ಮಾಂಸಾಹಾರಿ. ಅದರ ಕೋರೆಹಲ್ಲು ಒಂದೊಂದೂ ಬೆರಳುದ್ದ.

ಸ್ಕ್ಯಾನ್ ಯಂತ್ರ ನಡೆಸುವವಳಿಗೆ ಅದನ್ನು ಕಂಡು ಭಯವಾಗಲಿಲ್ಲ. ಅವಳ ಭಯವೇ ಬೇರೆ. ಅವಳ ಎಡದವಡೆಯಲ್ಲಿ ಕಡಲೆಕಾಳಿನಷ್ಟಿದ್ದ ಗಂಟು ಕೆಲವೇ ತಿಂಗಳಲ್ಲಿ ಗೋಲಿಯಷ್ಟಾಗಿತ್ತು. ಹಲ್ಲುನೋವು ಎಂದು ಗಂಡನಿಗೆ ಹೇಳಿ ತೇಲಿಸಿದ್ದಳು. ಊರವರ ಮೂಳೆಯನ್ನೆಲ್ಲ ನೋಡುವವಳು ತನ್ನದನ್ನು ಮಾತ್ರ ನೋಡಿಸಿಕೊಳ್ಳಲು ಒಲ್ಲಳು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಂಥವರನ್ನು ಕಂಡೇ ಹುಟ್ಟಿರಬೇಕು. ಅವಳ ತಾಯಿಗೂ ಹೀಗೇ ಗಂಟಾಗಿತ್ತು. ಪರೀಕ್ಷೆ ಮಾಡಿಸಿದ ವರ್ಷವೇ ತಾಯಿ ತೀರಿಕೊಂಡರು. ನೋಡಿದ್ದರಿಂದಲೇ ಹೋದರು ಎಂದು ಇವಳ ಮನಸ್ಸು ಲೆಕ್ಕ ಹಾಕಿಬಿಟ್ಟಿತ್ತು.

ರೋಗಿಯ ಹೆಸರು, ವಯಸ್ಸು ತುಂಬದೆ ಯಂತ್ರ ಮುಂದುವರಿಯುವುದಿಲ್ಲ. ಇಪ್ಪತ್ತೈದು ಕೋಟಿ ವರ್ಷ ಎಂದು ಒತ್ತಿದರೆ ಅದು ಒಪ್ಪಲಿಲ್ಲ. ಜೊತೆಗೆ ಕೆಲಸ ಮಾಡುವ ಹಿರಿಯಾಕೆ, ಎಲ್ಲರ ಬಾಯಲ್ಲೂ ದೊಡ್ಡಕ್ಕ, ನಗುನಗುತ್ತ ಇವಳದೇ ಹೆಸರು, ವಯಸ್ಸು ತುಂಬಿದಳು.

ಚಿತ್ರ ಮೂಡಿತು. ಎಡದವಡೆಯ ಮೂಳೆಯೊಳಗೆ ಒಂದು ಗಂಟು. ಅದರ ಮೇಲ್ಗಡೆ ಇವಳ ಹೆಸರು.

ಕಲ್ಲಿನದು, ಕಲ್ಲಿನದು ಎಂದು ಬುದ್ಧಿ ಹೇಳುತ್ತಿದ್ದರೂ ಅವಳ ಕೈ ಆಗಲೇ ಗಲ್ಲಕ್ಕೆ ಹೋಗಿತ್ತು. ಮೇಷ್ಟ್ರಿಗೋ ಹಿಡಿಸಲಾರದ ಹಿಗ್ಗು. ಇಷ್ಟು ಹಳೆಯ ಮೂಳೆಯಲ್ಲಿ ಇಂಥ ಗಂಟು ಸಿಗುವುದೇ ಅಪರೂಪವಂತೆ.

"ಇದ್ರಿಂದಾನೇ ಸತ್ತಿದ್ದಾ ಸರ್?" ಎಂದಳು.

"ಗೊತ್ತಿಲ್ಲಮ್ಮ. ಪಾಪ, ಆಗ ನೋಡೋರು ಯಾರಿದ್ರು? ನಾವು ಬರೋದು ತೀರಾ ತಡ ಆಯ್ತು."

ಮೇಷ್ಟ್ರು ಬುರುಡೆಯನ್ನು ಕಂಬಳಿಯಲ್ಲಿ ಸುತ್ತಿ ತಳ್ಳಿಕೊಂಡು ಹೋದರು. ಅವಳು ಯಂತ್ರದ ಖಾಲಿ ಮೇಜನ್ನು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಆಮೇಲೆ ಚಪ್ಪಲಿ ಕಳಚಿ ಮೇಜಿನ ಮೇಲೆ ಮಲಗಿದಳು.

"ದೊಡ್ಡಕ್ಕ, ನಂದೂ ತೆಗಿ. ದವಡೇಲಿ ಗಂಟಿದೆ. ಯಾರಿಗೂ ಹೇಳಿಲ್ಲ."

ದೊಡ್ಡಕ್ಕ ಅವಳ ತಲೆ ನೇರ ಮಾಡಿ, ಪಟ್ಟಿ ಬಿಗಿದು, ಗಾಜಿನಾಚೆ ಹೋಗಿ ಅಲುಗಬೇಡ ಎಂದಳು. ಇವಳೂ ಸಾವಿರಾರು ಜನಕ್ಕೆ ಅದನ್ನೇ ಹೇಳಿದ್ದಳು. ಅದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಯಂತ್ರ ಗುಂಯ್‌ಗುಟ್ಟುತ್ತಿದ್ದಷ್ಟು ಹೊತ್ತೂ ಅವಳ ಹಲ್ಲು ಕಟಕಟ ಎನ್ನುತ್ತಲೇ ಇತ್ತು. ಚಿತ್ರ ಕಲಸಿಹೋಯಿತು.

ದೊಡ್ಡಕ್ಕ ಎದ್ದುಬಂದು ಅವಳ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದಳು.

"ಇನ್ನೊಂದ್ಸಲ ತೆಗಿತೀನಿ. ಹೆದರ್ಕೊಂಡೇ ಇರು, ಪರವಾಗಿಲ್ಲ. ಅಲ್ಲಾಡಬೇಡ ಅಷ್ಟೇ."